ಹನ್ನೆರಡು ಸಿಲಿಂಡರುಗಳ ಉಸಿರು

ಧರ್ಮಪ್ರಾಂತ್ಯದ ಸುದ್ದಿಗಳ ಹಾಗೂ ಸಂತರ ಚರಿತ್ರೆಗಳ ನಡುವೆ ಕೋಟ್ಯಂತರ ರೂಪಾಯಿ ಬೆಲೆಯ ಕಾರೊಂದರ ಪ್ರಸ್ತಾಪವನ್ನು ಕಂಡು ನಿಮಗೆ ಅಚ್ಚರಿಯಾದರೆ ಅದು ಸಹಜವೇ. ಕಾರಿನ ಗುಣಗಾನ ಮಾಡುವುದು ನನ್ನ ಉದ್ದೇಶವಲ್ಲ; ಅದನ್ನು ಹಳಿಯುವುದೂ ಅಲ್ಲ. ಕಾರುಗಳನ್ನು ಮನಸಾರೆ ಪ್ರೀತಿಸುವವರ ಬಾಯಲ್ಲಿ ಪದೇ ಪದೇ ಕೇಳಿಬರುವ ಒಂದು ಪದಪುಂಜ ಕೆಲವು ತಿಂಗಳುಗಳಿಂದ ನನ್ನನ್ನು ಕಾಡುತ್ತಿದೆ. ‘ನ್ಯಾಚುರಲಿ ಆಸ್ಪಿರೇಟೆಡ್’ ಎಂಬುದೇ ಆ ಪದಪುಂಜ. ಕನ್ನಡದಲ್ಲಿ ಹೇಳುವುದಾದರೆ ತಾನೇ ತಾನಾಗಿ ಉಸಿರೆಳೆದುಕೊಳ್ಳುವ, ಸಹಜವಾಗಿ ಉಸಿರಾಡುವ ಎಂಜಿನ್. ಕಬ್ಬಿಣಕ್ಕೂ ಅಲ್ಯೂಮಿನಿಯಮ್ಮಿಗೂ ಉಸಿರಿನ ಮಾತನ್ನು ಅನ್ವಯಿಸಿದ ಆ ತಂತ್ರಜ್ಞ ಯಾರೋ ಕಾಣೆ, ಅವನೊಳಗೆ ಒಬ್ಬ ಕವಿಯಿದ್ದಿರಬೇಕು.

ವಿಷಯ ತಿಳಿಯದವರಿಗಾಗಿ ಸ್ವಲ್ಪ ವಿವರಣೆ ಅಗತ್ಯ. ಎಂಜಿನ್ನಿನ ಸಿಲಿಂಡರಿನೊಳಗೆ ಪಿಸ್ಟನ್ ಕೆಳಗಿಳಿದಾಗ ಅಲ್ಲಿ ಒತ್ತಡ ತಗ್ಗುತ್ತದೆ. ಹೊರಗಿನ ವಾತಾವರಣದ ಒತ್ತಡ ಹೆಚ್ಚಿರುವುದರಿಂದ ಗಾಳಿ ತಾನಾಗಿಯೇ ಒಳನುಗ್ಗುತ್ತದೆ. ಅದರೊಂದಿಗೆ ಪೆಟ್ರೋಲ್ ಬೆರೆತು, ಕಿಡಿ ತಾಗಿ, ಉರಿದು, ಪಿಸ್ಟನ್ನನ್ನು ಮರಳಿ ಒತ್ತುತ್ತದೆ. ನಮ್ಮ ಎದೆಗೂಡಿನಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ಶ್ವಾಸಕೋಶಗಳ ಕೆಳಗಿರುವ ವಪೆ ಕೆಳಗಿಳಿದಾಗ ಒಳಗಿನ ಒತ್ತಡ ತಗ್ಗಿ ಗಾಳಿ ಒಳಬರುತ್ತದೆ. ನಾವು ಗಾಳಿಯನ್ನು ಎಳೆಯುತ್ತೇವೆ ಎಂದುಕೊಂಡರೂ ನಿಜದಲ್ಲಿ ನಾವು ಜಾಗ ಮಾಡಿಕೊಡುತ್ತೇವೆ ಅಷ್ಟೆ, ಗಾಳಿ ತಾನೇ ಬರುತ್ತದೆ. ಇದಕ್ಕೆ ಬದಲಾಗಿ ಟರ್ಬೊ ಎಂಬ ಉಪಕರಣವುಳ್ಳ ಎಂಜಿನ್ನಿನಲ್ಲಿ ಹೊರಹೋಗುವ ಹೊಗೆಯ ರಭಸದಿಂದ ಒಂದು ಪುಟ್ಟ ಚಕ್ರ ತಿರುಗಿ, ಅದು ಇನ್ನೊಂದು ಚಕ್ರವನ್ನು ತಿರುಗಿಸಿ, ಗಾಳಿಯನ್ನು ಒತ್ತಿ ಒಳಗೆ ತುರುಕುತ್ತದೆ. ಹೆಚ್ಚು ಗಾಳಿ, ಹೆಚ್ಚು ಶಕ್ತಿ. ಸಣ್ಣ ಎಂಜಿನ್ನಿನಿಂದ ದೊಡ್ಡ ಕೆಲಸ. ಇಂದಿನ ಬಹುಪಾಲು ಡೀಸೆಲ್ ವಾಹನಗಳಲ್ಲೂ ಸಾಕಷ್ಟು ಪೆಟ್ರೋಲ್ ಕಾರುಗಳಲ್ಲೂ ಇದೇ ವ್ಯವಸ್ಥೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಕಾಲಿನಿಂದ ಒತ್ತಿದ ಕ್ಷಣಕ್ಕೂ ಶಕ್ತಿ ಬರುವ ಕ್ಷಣಕ್ಕೂ ನಡುವೆ ಕೂದಲೆಳೆಯಷ್ಟು ವಿಳಂಬ ಉಂಟು. ಹೊಗೆಯ ದಾರಿಗೆ ಚಕ್ರ ಅಡ್ಡವಿರುವುದರಿಂದ ದನಿಯೂ ಕುಗ್ಗುತ್ತದೆ. ಅಭಿಮಾನಿಗಳು ದೂರುವುದು ಇದನ್ನೇ.

ಈಗ ಆ ಕಾರಿನ ವಿಷಯ. ಇಟಲಿಯ ಮರನೆಲ್ಲೊ ಎಂಬ ಊರಿನ ಫೆರಾರಿ ಸಂಸ್ಥೆ 2024ರ ಮೇ ತಿಂಗಳಲ್ಲಿ ಅಮೆರಿಕದ ಮಯಾಮಿಯಲ್ಲಿ ಹೊಸ ಕಾರೊಂದನ್ನು ಅನಾವರಣಗೊಳಿಸಿತು. ಹೆಸರು ‘ದೋದಿಚಿ ಚಿಲಿಂದ್ರಿ’. ಇಟಾಲಿಯನ್ ಭಾಷೆಯಲ್ಲಿ ಹನ್ನೆರಡು ಸಿಲಿಂಡರುಗಳು ಎಂದಷ್ಟೇ ಇದರ ಅರ್ಥ. ಹಸುವಿಗೆ ‘ನಾಲ್ಕು ಕಾಲು’ ಎಂದು ಹೆಸರಿಟ್ಟಂತಾಯಿತು ಎಂದು ನಕ್ಕವರುಂಟು. ಆದರೆ ಆ ಸಂಸ್ಥೆಯ ಚರಿತ್ರೆಯನ್ನು ಬಲ್ಲವರು ನಗುವುದಿಲ್ಲ. 1947ರಲ್ಲಿ ಎಂಜೊ ಫೆರಾರಿ ತಮ್ಮ ಹೆಸರಿನ ಮೊತ್ತಮೊದಲ ಕಾರನ್ನು ಕಾರ್ಖಾನೆಯ ಗೇಟಿನಿಂದ ಹೊರತಂದಾಗ ಅದರಲ್ಲಿದ್ದದ್ದು ಜೊಆಕ್ಕೀನೊ ಕೊಲೊಂಬೊ ಎಂಬ ತಂತ್ರಜ್ಞ ರೂಪಿಸಿದ ಒಂದೂವರೆ ಲೀಟರಿನ ಹನ್ನೆರಡು ಸಿಲಿಂಡರಿನ ಎಂಜಿನ್. ಯುದ್ಧದಿಂದ ನುಚ್ಚುನೂರಾಗಿದ್ದ ದೇಶದಲ್ಲಿ, ರೊಟ್ಟಿಗೂ ಪರದಾಡುತ್ತಿದ್ದ ಕಾಲದಲ್ಲಿ, ನಾಲ್ಕು ಸಿಲಿಂಡರು ಸಾಕಾಗುವ ಕಡೆ ಹನ್ನೆರಡನ್ನು ಜೋಡಿಸಿದ ಮನುಷ್ಯನನ್ನು ಹುಚ್ಚನೆನ್ನಬೇಕೋ ಕಲಾವಿದನೆನ್ನಬೇಕೋ ನೀವೇ ಹೇಳಿ.

ಹೊಸ ಕಾರಿನ ಎಂಜಿನ್ ಆರೂವರೆ ಲೀಟರಿನದು. ಟರ್ಬೊ ಇಲ್ಲ, ಜೊತೆಗೆ ದುಡಿಯುವ ವಿದ್ಯುತ್ ಮೋಟಾರೂ ಇಲ್ಲ. 9,250 ಸುತ್ತುಗಳಲ್ಲಿ 830 ಅಶ್ವಶಕ್ತಿ. ಒಂದು ನಿಮಿಷಕ್ಕೆ 9,500 ಸುತ್ತುಗಳವರೆಗೆ ಅದು ತಿರುಗಬಲ್ಲದು. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ 2.9 ಸೆಕೆಂಡು, ಗರಿಷ್ಠ ವೇಗ ಗಂಟೆಗೆ 340 ಕಿಲೋಮೀಟರಿಗೂ ಮಿಗಿಲು. ಇಟಲಿಯಲ್ಲಿ ಇದರ ಬೆಲೆ ಸುಮಾರು 3,95,000 ಯೂರೋಗಳಿಂದ ಆರಂಭವಾಯಿತು. ಆಗಿನ ದರದಲ್ಲಿ ನಮ್ಮ ಹಣದಲ್ಲಿ ಸುಮಾರು ಮೂರೂವರೆ ಕೋಟಿ ರೂಪಾಯಿ. ಸಮುದ್ರ ದಾಟಿ, ಸುಂಕ ತೆತ್ತು ನಮ್ಮ ದೇಶಕ್ಕೆ ಬರುವಷ್ಟರಲ್ಲಿ ಅದು ದುಪ್ಪಟ್ಟನ್ನೂ ಮೀರುತ್ತಿತ್ತು.

ಈ ಅಂಕಿಗಳಿಗಿಂತ ನನಗೆ ಕುತೂಹಲವೆನಿಸಿದ್ದು ಒಂದು ಸಣ್ಣ ಲೆಕ್ಕ. ನಿಮಿಷಕ್ಕೆ ಒಂಬತ್ತು ಸಾವಿರ ಸುತ್ತು ತಿರುಗುವಾಗ ಪ್ರತಿ ಸಿಲಿಂಡರೂ ನಾಲ್ಕೂವರೆ ಸಾವಿರ ಬಾರಿ ಉಸಿರೆಳೆದುಕೊಳ್ಳುತ್ತದೆ. ಹನ್ನೆರಡೂ ಸೇರಿ ನಿಮಿಷವೊಂದಕ್ಕೆ ಸುಮಾರು 29,000 ಲೀಟರ್ ಗಾಳಿ. ಸುಮ್ಮನೆ ಕುಳಿತಿರುವ ಮನುಷ್ಯ ನಿಮಿಷಕ್ಕೆ ಆರರಿಂದ ಎಂಟು ಲೀಟರ್ ಗಾಳಿಯನ್ನು ಉಸಿರಾಡುತ್ತಾನೆ. ಅಂದರೆ ನಾನು ನೀವು ಮೂರು ಹಗಲು ಮೂರು ರಾತ್ರಿ ಉಸಿರಾಡುವಷ್ಟು ಗಾಳಿಯನ್ನು ಈ ಯಂತ್ರ ಒಂದೇ ನಿಮಿಷದಲ್ಲಿ ಒಳಗೆ ತೆಗೆದುಕೊಳ್ಳುತ್ತದೆ. ಇನ್ನು ಅದರ ದನಿ. ಸೆಕೆಂಡಿಗೆ ಒಂಬೈನೂರು ಸಲ ಕಿಡಿ ಹೊತ್ತುವುದರಿಂದ ಹೊರಡುವ ಸ್ವರ, ನಮ್ಮ ಧರ್ಮಕೇಂದ್ರದ ಗಾಯನವೃಂದದ ಕೀಬೋರ್ಡಿನಲ್ಲಿ ನಡುಭಾಗದಿಂದ ಒಂದು ಸ್ಥಾಯಿ ಮೇಲಿರುವ ‘ಎ’ ಸ್ವರಕ್ಕೆ, ಅಂದರೆ 880 ಕಂಪನಗಳಿಗೆ, ತೀರ ಸಮೀಪದಲ್ಲಿದೆ. ಪ್ರಭುವಿನ ಸ್ತುತಿಗೀತೆಯಲ್ಲಿ ನಮ್ಮ ಹೆಣ್ಣುಮಕ್ಕಳು ಮುಟ್ಟಲು ಹೆಣಗುವ ಸ್ವರವದು.

ಈ ಕಾರಿನ ಬಗ್ಗೆ ನನಗೆ ತಿಳಿದುಬಂದದ್ದು ನನ್ನ ಅಣ್ಣನ ಮೊಮ್ಮಗನಿಂದ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಹುಡುಗ. ಭಾನುವಾರದ ಬಲಿಪೂಜೆ ಮುಗಿದ ಮೇಲೆ ಅವನೂ ಅವನ ಮೂರ್ನಾಲ್ಕು ಗೆಳೆಯರೂ ಅಣ್ಣನ ಮನೆಯ ಜಗಲಿಯಲ್ಲಿ ಸೇರುತ್ತಾರೆ. ಮೊಬೈಲುಗಳಲ್ಲಿ ದೂರದ ದೇಶಗಳ ವಾಹನ ಪತ್ರಕರ್ತರ ವಿಮರ್ಶೆಗಳನ್ನು ನೋಡುತ್ತಾ ವಾದಕ್ಕಿಳಿಯುತ್ತಾರೆ. ಕ್ರಿಕೆಟ್ಟಿನ ಬಗ್ಗೆ, ಚುನಾವಣೆಯ ಬಗ್ಗೆ ಇಷ್ಟು ಬಿಸಿಯಾದ ಚರ್ಚೆಯನ್ನು ನಾನು ಕೇಳಿಲ್ಲ.

ಮೊದಲ ಜಗಳ ರೂಪದ್ದು. ಕಾರಿನ ಮುಂಭಾಗದಲ್ಲಿ ದೀಪದಿಂದ ದೀಪಕ್ಕೆ ಹಾಯ್ದ ಕಪ್ಪು ಪಟ್ಟಿಯೊಂದಿದೆ. ಅದು 1968ರಲ್ಲಿ ಬಂದ, ‘ಡೇಟೋನ’ ಎಂದು ಜನ ಪ್ರೀತಿಯಿಂದ ಕರೆದ ಹಳೆಯ ಫೆರಾರಿಯ ನೆನಪಿನ ಕುರುಹು. ಕೆಲವರಿಗೆ ಅದು ಹಿರಿಯರಿಗೆ ಸಲ್ಲಿಸಿದ ಗೌರವ. ಕೆಲವರಿಗೆ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ. ಹಿಂಭಾಗದ ಕಪ್ಪು ತ್ರಿಕೋನಗಳ ಬಗ್ಗೆಯಂತೂ ಒಮ್ಮತವೇ ಇಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಆ ಪಟ್ಟಿ ಚೆನ್ನಾಗಿದೆ, ಹಿಂಭಾಗ ಅಷ್ಟಕ್ಕಷ್ಟೆ. ಎರಡನೆಯ ಜಗಳ ಚುಕ್ಕಾಣಿ ಚಕ್ರದ ಮೇಲಿನ ಗುಂಡಿಗಳದ್ದು. ಒತ್ತುವ ಗುಂಡಿಗಳ ಬದಲು ಬೆರಳು ಸವರಿದರೆ ಸಾಕೆನ್ನುವ ನುಣುಪು ಫಲಕಗಳನ್ನು ಇಟ್ಟದ್ದನ್ನು ಬಹುತೇಕ ವಿಮರ್ಶಕರು ಟೀಕಿಸಿದರು. ಸಂಸ್ಥೆಯವರೂ ಕಿವಿಗೊಟ್ಟಿರಬೇಕು, 2025ರಲ್ಲಿ ಅವರೇ ತಂದ ‘ಅಮಾಲ್ಫಿ’ ಎಂಬ ಇನ್ನೊಂದು ಕಾರಿನಲ್ಲಿ ನಿಜವಾದ ಗುಂಡಿಗಳು ಮರಳಿ ಬಂದಿವೆ. ಕೈಯಿಂದ ಗೇರು ಬದಲಿಸುವ ಭಾಗ್ಯ ಈ ಕಾರಿನಲ್ಲಿಲ್ಲವೆಂದು ಕೊರಗುವ ಹುಡುಗನೊಬ್ಬನಿದ್ದಾನೆ. ಇಂಗ್ಲೆಂಡಿನಲ್ಲಿ ಗಾರ್ಡನ್ ಮರ್ರಿ ಎಂಬವರು ನೂರೇ ನೂರು ಪ್ರತಿಗಳಲ್ಲಿ ಮಾಡಿದ ‘ಟಿ.50’ ಎಂಬ ಕಾರನ್ನು ಅವನು ಎತ್ತಿ ಹಿಡಿಯುತ್ತಾನೆ. ಅದೂ ಹನ್ನೆರಡು ಸಿಲಿಂಡರಿನದೇ, ಸಹಜ ಉಸಿರಿನದೇ. ಕೈಗೇರು ಉಂಟು, 12,100 ಸುತ್ತು ತಿರುಗುತ್ತದೆ.

ಇನ್ನೊಂದು ವಾದ ಬಲು ಸೂಕ್ಷ್ಮದ್ದು. ಈ ಕಾರಿನಲ್ಲಿ ಮೂರನೆಯ ಮತ್ತು ನಾಲ್ಕನೆಯ ಗೇರುಗಳಲ್ಲಿ ಶಕ್ತಿ ಹೇಗೆ ಏರಬೇಕೆಂಬುದನ್ನು ಗಣಕಯಂತ್ರ ತಿದ್ದುತ್ತದೆ. ಏರಿಕೆ ಇನ್ನಷ್ಟು ಸರಾಗವಾಗಿ, ಇನ್ನಷ್ಟು ‘ಸಹಜ’ವಾಗಿ ಅನ್ನಿಸಲೆಂದೇ ಈ ತಿದ್ದುಪಡಿ! ಸಹಜತೆಯನ್ನು ಕೃತಕವಾಗಿ ಹೆಚ್ಚಿಸಿದರೆ ಅದು ಸಹಜವೇ? ಇದನ್ನು ಕೇಳಿ ನನಗೆ ಕೆಲವು ಪ್ರಾರ್ಥನಾ ಕೂಟಗಳ ನೆನಪಾಯಿತು. ಅದನ್ನು ಇಲ್ಲಿಗೇ ನಿಲ್ಲಿಸುತ್ತೇನೆ.

ಆದರೆ ಎಲ್ಲರೂ ಒಂದು ವಿಷಯದಲ್ಲಿ ಒಂದಾಗುತ್ತಾರೆ. ಇಂಥ ಎಂಜಿನ್ ಇನ್ನು ಹೆಚ್ಚು ಕಾಲ ಬಾಳದು ಎಂಬ ವಿಷಾದ ಅವರೆಲ್ಲರದು. ಇಂಗ್ಲೆಂಡಿನ ಆಸ್ಟನ್ ಮಾರ್ಟಿನ್ ಸಂಸ್ಥೆ ಅದೇ ವರ್ಷ ತಂದ ಹನ್ನೆರಡು ಸಿಲಿಂಡರಿನ ‘ವ್ಯಾಂಕ್ವಿಶ್’ ಕಾರಿಗೆ ಎರಡು ಟರ್ಬೊಗಳಿವೆ. ಲಂಬೋರ್ಗಿನಿಯ ‘ರೆವುಯೆಲ್ಟೊ’ ಕಾರಿನ ಎಂಜಿನ್ ಸಹಜ ಉಸಿರಿನದಾದರೂ ಮೂರು ವಿದ್ಯುತ್ ಮೋಟಾರುಗಳ ಆಸರೆ ಅದಕ್ಕಿದೆ. ಸ್ವತಃ ಫೆರಾರಿಯವರೇ 2024ರ ಅಕ್ಟೋಬರಿನಲ್ಲಿ ತಮ್ಮ ಅತಿ ಬಲಶಾಲಿ ಕಾರಾದ ‘ಎಫ್80’ಕ್ಕೆ ಟರ್ಬೊ ಮತ್ತು ವಿದ್ಯುತ್ ಜೋಡಿಸಿದ ಆರು ಸಿಲಿಂಡರಿನ ಎಂಜಿನ್ನನ್ನೇ ಆರಿಸಿಕೊಂಡಾಗ ಅಭಿಮಾನಿಗಳಲ್ಲಿ ಅನೇಕರು ಮುನಿದರು. ಐರೋಪ್ಯ ಒಕ್ಕೂಟವು 2035ರಿಂದ ಮಾರಾಟವಾಗುವ ಹೊಸ ಕಾರುಗಳು ಇಂಗಾಲದ ಹೊಗೆಯನ್ನು ಉಗುಳಬಾರದೆಂದು 2023ರಲ್ಲಿ ನಿಯಮ ಮಾಡಿತು. ಆ ಬಳಿಕ ಅದನ್ನು ಸಡಿಲಿಸುವ ಪ್ರಸ್ತಾಪಗಳೂ ಬಂದಿವೆ. ಏನೇ ಆಗಲಿ, ಕಾಲ ತಿರುಗುತ್ತಿದೆ. ಆದ್ದರಿಂದಲೇ ಈ ಕಾರಿನ ಕುರಿತ ಪ್ರತಿಯೊಂದು ಮೆಚ್ಚುಗೆಯ ಮಾತಿನಲ್ಲೂ ಹಾಸಿಗೆ ಹಿಡಿದ ಹಿರಿಯರನ್ನು ನೋಡಲು ಬಂದವರ ದನಿಯಿದೆ.

ಅಷ್ಟಾಗಿ ಈ ಹುಡುಗರಲ್ಲಿ ಯಾರೂ ಇಂಥ ಕಾರನ್ನು ಕೊಳ್ಳಲಾರರು. ಒಬ್ಬನ ತಂದೆ ಆಟೋ ಓಡಿಸುತ್ತಾರೆ, ಇನ್ನೊಬ್ಬನ ತಾಯಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಾರೆ. ಕಣ್ಣಾರೆ ಕಂಡವರೂ ಇಲ್ಲ. ಹಾಗಾದರೆ ಇದು ಪರರ ವಸ್ತುವನ್ನು ಆಶಿಸುವ ಪಾಪವಲ್ಲವೇ, ಹತ್ತನೆಯ ಕಟ್ಟಳೆಯ ಉಲ್ಲಂಘನೆಯಲ್ಲವೇ ಎಂದು ನೀವು ಕೇಳಬಹುದು. ನಾನೂ ಈ ಪ್ರಶ್ನೆಯನ್ನು ಬಹಳ ದಿನ ಮನಸ್ಸಿನಲ್ಲಿ ಹೊರಳಿಸಿದ್ದೇನೆ. ನನಗೆ ತೋರುವುದು ಇಷ್ಟು: ಆಶಿಸುವವನಿಗೆ ವಸ್ತುವಿಗಿಂತ ಅದರ ಒಡೆತನ ಮುಖ್ಯ, ನೆರೆಯವನ ಬಳಿ ಇದೆ, ನನ್ನ ಬಳಿ ಇಲ್ಲ ಎಂಬ ಉರಿ ಅವನನ್ನು ಸುಡುತ್ತದೆ. ಈ ಹುಡುಗರಲ್ಲಿ ನಾನು ಕಂಡದ್ದು ಆ ಉರಿಯನ್ನಲ್ಲ. ಟೈಟೇನಿಯಮ್ ಲೋಹದಿಂದ ಮಾಡಿದ ಕನೆಕ್ಟಿಂಗ್ ರಾಡುಗಳು ಉಕ್ಕಿನವಕ್ಕಿಂತ ಎಷ್ಟು ಹಗುರ, ಹಗುರವಾದದ್ದರಿಂದ ಎಂಜಿನ್ ಹೇಗೆ ಚುರುಕಾಗಿ ಏರುತ್ತದೆ ಎಂದು ಅವರು ವಿವರಿಸುವಾಗ ಅವರ ಕಣ್ಣುಗಳಲ್ಲಿ ಕಾಣುವುದು ಬೆರಗು. ಇನ್ನೊಂದೆಡೆ ಇಂಥ ಕಾರುಗಳನ್ನು ಕೊಂಡು, ತಂಪಾದ ಕೋಣೆಯಲ್ಲಿ ಬೀಗ ಹಾಕಿಟ್ಟು, ಓಡಿಸದೆ, ಬೆಲೆ ಏರಿದಾಗ ಮಾರುವ ಧನಿಕರಿದ್ದಾರೆ. ಕಾರು ಯಾರದು ಎಂದು ಕಾಗದಪತ್ರ ಹೇಳಬಲ್ಲದು. ಕಾರಿನ ಆನಂದ ಯಾರದು ಎಂದು ಹೇಳಲಾರದು. ಹಾಗೆಂದು ಬೆರಗು ಆಶೆಯಾಗಿ ತಿರುಗಲು ಬಹಳ ಹೊತ್ತೇನೂ ಬೇಕಿಲ್ಲ. ಸಾಲ ಮಾಡಿ ದುಬಾರಿ ಬೈಕು ಕೊಂಡು, ಕಂತು ಕಟ್ಟಲಾಗದೆ ಮನೆಯವರನ್ನು ಸಂಕಟಕ್ಕೆ ತಳ್ಳಿದ ಯುವಕರನ್ನು ನೀವೂ ನಾನೂ ಬಲ್ಲೆವು.

ವಿಮೋಚನಾಕಾಂಡವನ್ನು ಒಮ್ಮೆ ತೆರೆದು ನೋಡಿ. ಮೂವತ್ತೊಂದನೆಯ ಅಧ್ಯಾಯದಲ್ಲಿ ಬೆಚಲೇಲ ಎಂಬ ಕುಶಲಕರ್ಮಿಯ ಪ್ರಸ್ತಾಪವಿದೆ. ಚಿನ್ನ, ಬೆಳ್ಳಿ, ತಾಮ್ರಗಳಲ್ಲಿ ಕೆಲಸ ಮಾಡಲು, ಕಲ್ಲು ಕೆತ್ತಲು, ಮರ ಕೊರೆಯಲು ಬೇಕಾದ ಜಾಣ್ಮೆಗಾಗಿ ದೇವರು ಅವನನ್ನು ತಮ್ಮ ಆತ್ಮದಿಂದ ತುಂಬಿದರೆಂದು ಅಲ್ಲಿ ಹೇಳಿದೆ. ಪ್ರವಾದಿಗಳಿಗಿಂತ, ಅರಸರಿಗಿಂತ ಮುಂಚೆಯೇ ಒಬ್ಬ ಕೈಕೆಲಸದವನಿಗೆ ಈ ಮಾತು ಸಂದಿದೆ ಎಂಬುದನ್ನು ನಮ್ಮ ಪ್ರಬೋಧನೆಗಳಲ್ಲಿ ನಾವು ಸಾಕಷ್ಟು ಕೇಳುವುದಿಲ್ಲ. ಆದರೆ ಪುಟ ತಿರುವಿದರೆ, ಮುಂದಿನ ಅಧ್ಯಾಯದಲ್ಲೇ, ಚಿನ್ನದ ಹೋರಿಕರು! ಜನರು ತಮ್ಮ ಕಿವಿಯ ಓಲೆಗಳನ್ನು ಕಿತ್ತುಕೊಟ್ಟದ್ದು ಆ ಹೋರಿಕರುವಿಗೆ. ಅದೇ ಜನರು ಮುಂದೆ ತಮ್ಮ ಆಭರಣಗಳನ್ನು ತಂದುಕೊಟ್ಟದ್ದು ದೇವದರ್ಶನದ ಗುಡಾರಕ್ಕೆ. ಅದೇ ಚಿನ್ನ, ಅದೇ ಬೆಂಕಿ, ಬಹುಶಃ ಅದೇ ಅಚ್ಚುಗಾರರು. ಎರಡರ ನಡುವಿನ ಗೆರೆ ಲೋಹದಲ್ಲಿ ಇರಲಿಲ್ಲ. ಹನ್ನೆರಡು ಸಿಲಿಂಡರಿನ ಎಂಜಿನ್ನನ್ನು ನೋಡುವಾಗ ನನಗೆ ಒಮ್ಮೆ ಬೆಚಲೇಲ ಕಾಣುತ್ತಾನೆ, ಮತ್ತೊಮ್ಮೆ ಹೋರಿಕರು ಕಾಣುತ್ತದೆ. ಎರಡನ್ನೂ ಒಂದೇ ದಿನ ಕಂಡದ್ದೂ ಉಂಟು.

ಇನ್ನು ಅಣ್ಣನ ವಿಷಯವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ನನ್ನ ಅಣ್ಣ ನಲವತ್ತು ವರ್ಷ ಲಾರಿ ಮೆಕ್ಯಾನಿಕ್ ಆಗಿ ದುಡಿದವರು. ತಗಡಿನ ಶೆಡ್ಡು, ನೆಲದಲ್ಲಿ ತೋಡಿದ ಗುಂಡಿ, ಗೋಡೆಗೆ ಸಂತ ಜೋಸೆಫರ ಒಂದು ಪಟ. ಆ ಕಾಲದ ಲಾರಿಗಳೆಲ್ಲ ಬಹುಮಟ್ಟಿಗೆ ಸಹಜ ಉಸಿರಿನ ಡೀಸೆಲ್ ಎಂಜಿನ್ನಿನವು. ಲಾರಿ ರಸ್ತೆಯ ತಿರುವಿನಲ್ಲಿ ಬರುತ್ತಿರುವಾಗಲೇ, ಗುಂಡಿಯೊಳಗಿಂದ ತಲೆಯೆತ್ತದೆ, ಯಾವ ನಾಜಲ್ ಕೆಟ್ಟಿದೆ, ಯಾವ ವಾಲ್ವಿಗೆ ಅಂತರ ಹೆಚ್ಚಾಗಿದೆ ಎಂದು ಸದ್ದಿನಿಂದಲೇ ಹೇಳುತ್ತಿದ್ದರು. ಬೀಡಿ ಸಿಗರೇಟು ಮುಟ್ಟಿದವರಲ್ಲ. ಆದರೆ ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿ ಪರೀಕ್ಷಿಸುವಾಗಿನ ಹೊಗೆ, ಬ್ರೇಕ್ ಡ್ರಮ್ಮುಗಳನ್ನು ಊದಿ ತೆಗೆಯುತ್ತಿದ್ದ ಧೂಳು, ಇವೆಲ್ಲ ನಲವತ್ತು ವರ್ಷ ಅವರ ಎದೆಯೊಳಗೆ ಇಳಿದವು. ಈಗ ಅವರಿಗೆ ಎಪ್ಪತ್ತೆಂಟು. ವೈದ್ಯರು ಸಿ.ಓ.ಪಿ.ಡಿ. ಎನ್ನುತ್ತಾರೆ. ಹಗಲಿನಲ್ಲಿ ಮೂಗಿಗೆ ಆಮ್ಲಜನಕದ ಸಣ್ಣ ನಳಿಕೆ. ರಾತ್ರಿ ಮುಖಕ್ಕೆ ಬಿಗಿದು ಕಟ್ಟುವ, ಗಾಳಿಯನ್ನು ಒತ್ತಿ ಒಳಗೆ ಕಳಿಸುವ ಯಂತ್ರ. ಅದನ್ನು ಮೊದಲ ಬಾರಿ ಕಟ್ಟಿದ ಮರುದಿನ ಬೆಳಿಗ್ಗೆ ಅವರು ನನಗೆ ಹೇಳಿದ್ದು: “ನೋಡೋ, ಈ ವಯಸ್ಸಿನಲ್ಲಿ ನನಗೆ ಟರ್ಬೊ ಹಾಕಿಬಿಟ್ರು.”

ಮಾತು ನಗೆಯದ್ದಾದರೂ ಯಂತ್ರಶಾಸ್ತ್ರದ ದೃಷ್ಟಿಯಿಂದ ಅಕ್ಷರಶಃ ಸರಿ. ಸಹಜ ಉಸಿರು ಒಳಗಿನ ಒತ್ತಡ ತಗ್ಗುವುದರಿಂದ ಆಗುವಂಥದ್ದು. ಆ ಯಂತ್ರದ ಉಸಿರು ಹೊರಗಿನಿಂದ ಒತ್ತುವುದರಿಂದ ಆಗುವಂಥದ್ದು.

ಒಂದು ಭಾನುವಾರ ಜಗಲಿಯಲ್ಲಿ ಹುಡುಗರ ವಾದ ದನಿಯ ಮೇಲೆ ನಿಂತಿತ್ತು. ಹೊಸ ಕಾರಿನ ದನಿ ಹಿಂದಿನ ‘812 ಸೂಪರ್‌ಫಾಸ್ಟ್’ ಕಾರಿನಷ್ಟು ಗಟ್ಟಿಯಾಗಿಲ್ಲ, ಪಳಗಿಸಿದ ಹುಲಿಯಂತಾಗಿದೆ ಎಂಬುದು ಅನೇಕ ವಿಮರ್ಶಕರ ದೂರು. ಕಾರಣವೂ ಗೊತ್ತಿರುವಂಥದ್ದೇ. ಶಬ್ದದ ಮಿತಿಗಳು ಬಿಗಿಯಾಗಿವೆ. ಜೊತೆಗೆ, ಐರೋಪ್ಯ ನಿಯಮಗಳ ಪ್ರಕಾರ ಹೊಗೆಯ ಕೊಳವೆಯಲ್ಲಿ ಕಣ್ಣಿಗೆ ಕಾಣದ ಮಸಿಯ ಕಣಗಳನ್ನು ಹಿಡಿದಿಡುವ ಶೋಧಕವೊಂದನ್ನು ಅಳವಡಿಸುತ್ತಾರೆ. ಹೊಗೆಯೊಂದಿಗೆ ದನಿಯೂ ಅಲ್ಲಿ ಸೋಸಿಹೋಗುತ್ತದೆ. ಮೊಮ್ಮಗನಿಗೆ ಅದರ ಮೇಲೆ ಎಲ್ಲಿಲ್ಲದ ಕೋಪ. “ಆ ಫಿಲ್ಟರ್ ಒಂದನ್ನ ಕಿತ್ತು ಎಸೆದರೆ ಸಾಕು ಚಿಕ್ಕತಾತ, ದೇವಲೋಕದ ಸಂಗೀತ ಕೇಳ್ಸತ್ತೆ” ಎಂದು ನನ್ನತ್ತ ತಿರುಗಿ ಹೇಳಿದ.

ಒಳಗಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ ಅಣ್ಣ ಕೈಯೆತ್ತಿ ಅವನನ್ನು ಕರೆದರು. ಹಳೆಯ ಕಾರಿನ ದನಿಯನ್ನು ಹಾಕಿಸಿ ಕೇಳಿದರು. ಹೊಸದನ್ನೂ ಕೇಳಿದರು. ಎರಡನ್ನೂ ಇನ್ನೊಮ್ಮೆ. ಶೆಡ್ಡಿನ ಗುಂಡಿಯೊಳಗೆ ನಿಂತು ಕೇಳುತ್ತಿದ್ದಾಗಿನ ಅದೇ ಮುಖ, ಸ್ವಲ್ಪ ಓರೆಯಾದ ತಲೆ. ಆಮೇಲೆ ಎರಡೆರಡು ಪದಕ್ಕೊಮ್ಮೆ ಉಸಿರಿಗಾಗಿ ನಿಲ್ಲುತ್ತಾ ಹೇಳಿದರು: “ಹಳೇದು ಚೆನ್ನಾಗಿ ಹಾಡ್ತದೆ, ಸುಳ್ಳಲ್ಲ. ಆದ್ರೆ ಮಗಾ, ಆ ಮಸಿ ಹಿಡಿಯೋ ಸಾಮಾನು ಇದ್ಯಲ್ಲ, ಅದನ್ನ ಕೀಳ್ಬೇಡ. ದನಿ ಸ್ವಲ್ಪ ಕಮ್ಮಿಯಾದ್ರೆ ಆಗ್ಲಿ ಬಿಡು.” ಹುಡುಗ ತಾತನ ಮೂಗಿನ ನಳಿಕೆಯನ್ನು ನೋಡಿ ತಲೆ ತಗ್ಗಿಸಿದ. ಅಣ್ಣನಿಗೆ ಅದು ಇಷ್ಟವಾಗಲಿಲ್ಲ. ತಮ್ಮ ಮೇಲಿನ ಕನಿಕರಕ್ಕಾಗಿ ಅವನ ಸಂತೋಷ ಕೆಡಬಾರದೆಂದೋ ಏನೋ, “ಇನ್ನೊಂದ್ಸಲ ಹಾಕು, ಗೇರ್ ಇಳಿಸೋವಾಗಿನ ಸದ್ದು ಕೇಳ್ಬೇಕು” ಎಂದರು.

ವಾಚಕರೇ, ಒಬ್ಬನ ಉಲ್ಲಾಸದ ಉಸಿರು ಮತ್ತೊಬ್ಬನ ಎದೆಯ ಭಾರವಾಗಬಲ್ಲದು ಎಂಬುದಕ್ಕೆ ಅಣ್ಣನಿಗಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ. ಆದರೂ ಅವರಿಗೆ ಎಂಜಿನ್ನಿನ ಮೇಲೆ ದ್ವೇಷವಿಲ್ಲ. ತನ್ನ ಶ್ವಾಸಕೋಶವನ್ನು ತಿಂದದ್ದರ ದನಿಯನ್ನು ಆ ಮನುಷ್ಯ ಇಂದಿಗೂ ಪ್ರೀತಿಯಿಂದ ಕೇಳುತ್ತಾರೆ. ಇದನ್ನು ನಾನು ಬಿಡಿಸಿ ಹೇಳಲಾರೆ.

ಉಸಿರಿನ ಮಾತು ಬಂದಾಗ ನಮ್ಮ ಪವಿತ್ರ ಗ್ರಂಥದ ಮೊದಲ ಪುಟಗಳು ನೆನಪಾಗದಿರುವುದುಂಟೆ? ಮಣ್ಣಿನಿಂದ ರೂಪಿಸಿದ ಮನುಷ್ಯನ ಮೂಗಿನ ಹೊಳ್ಳೆಗಳಲ್ಲಿ ದೇವರು ಜೀವಶ್ವಾಸವನ್ನು ಊದಿದರು. ಪುನರುತ್ಥಾನಗೊಂಡ ಯೇಸುಸ್ವಾಮಿ ಬಾಗಿಲು ಮುಚ್ಚಿಕೊಂಡು ಅಂಜಿ ಕುಳಿತಿದ್ದ ಶಿಷ್ಯರ ಮೇಲೆ ಉಸಿರೂದಿದರು. ಹೀಬ್ರೂ ಭಾಷೆಯಲ್ಲಿ ‘ರೂಅಹ್’ ಎಂಬ ಒಂದೇ ಪದ ಗಾಳಿಗೂ ಉಸಿರಿಗೂ ಆತ್ಮಕ್ಕೂ ಸಲ್ಲುತ್ತದೆ. ನಮ್ಮ ‘ಆತ್ಮ’ ಎಂಬ ಸಂಸ್ಕೃತ ಪದದ ಬೇರಿನಲ್ಲೂ ಉಸಿರಾಟವೇ ಇದೆ ಎಂದು ಭಾಷಾತಜ್ಞರು ಹೇಳುತ್ತಾರೆ. ಪ್ರತಿ ಉಸಿರೂ ನಾವು ಗಳಿಸಿದ್ದಲ್ಲ. ನಾವು ಜಾಗ ಮಾಡಿಕೊಟ್ಟೆವು, ಅದು ಬಂತು. ಅಣ್ಣನ ಪಕ್ಕದಲ್ಲಿ ಒಂದು ರಾತ್ರಿ ಆ ಯಂತ್ರದ ಸದ್ದನ್ನು ಕೇಳುತ್ತಾ ಕುಳಿತವರಿಗೆ ಇದು ದೇವಶಾಸ್ತ್ರದ ಮಾತಾಗಿ ಉಳಿಯುವುದಿಲ್ಲ.

ಇನ್ನು ಧರ್ಮಸಭೆಯ ಹಿರಿಯರು ಇಂಥ ಕಾರುಗಳನ್ನು ಹೇಗೆ ಕಂಡರು ಎಂಬುದನ್ನು ನೋಡೋಣ. ಜಗದ್ಗುರು ಫ್ರಾನ್ಸಿಸ್ ಅವರು 2013ರ ಜುಲೈ ತಿಂಗಳಲ್ಲಿ ಗುರುವಿದ್ಯಾರ್ಥಿಗಳನ್ನೂ ನವಶಿಷ್ಯರನ್ನೂ ಉದ್ದೇಶಿಸಿ ಮಾತನಾಡುತ್ತಾ, ಗುರುವೋ ಕನ್ಯಾಸ್ತ್ರೀಯೋ ಹೊಚ್ಚಹೊಸ ಮಾದರಿಯ ಕಾರಿನಲ್ಲಿ ಓಡಾಡುವುದನ್ನು ಕಂಡರೆ ತಮಗೆ ನೋವಾಗುತ್ತದೆಂದೂ, ಬೆಡಗಿನ ಕಾರಿನ ಆಸೆಯಾದಾಗ ಹಸಿವಿನಿಂದ ಸಾಯುವ ಮಕ್ಕಳನ್ನು ನೆನೆಯಬೇಕೆಂದೂ ಹೇಳಿದರು. ಅದೇ ವರ್ಷ ಇಟಲಿಯ ಗುರುಗಳೊಬ್ಬರು ಕೊಟ್ಟ 1984ರ ಹಳೆಯ ‘ರೆನೋ 4’ ಕಾರನ್ನು ಅವರು ಸಂತೋಷದಿಂದ ಸ್ವೀಕರಿಸಿದರು. 2017ರ ನವೆಂಬರಿನಲ್ಲಿ ಲಂಬೋರ್ಗಿನಿ ಸಂಸ್ಥೆಯವರು ಬಿಳಿಯ ಮೈಗೆ ಹೊನ್ನಿನ ಬಣ್ಣದ ಪಟ್ಟಿಗಳನ್ನು ಬಳಿದ ‘ಹುರಕಾನ್’ ಕಾರನ್ನು ಅವರಿಗೆ ಕಾಣಿಕೆಯಾಗಿ ತಂದರು. ಅದೂ ಸಹಜ ಉಸಿರಿನ ಎಂಜಿನ್ನಿನದೇ, ಹತ್ತು ಸಿಲಿಂಡರಿನದು. ಜಗದ್ಗುರುಗಳು ಅದನ್ನು ಆಶೀರ್ವದಿಸಿ, ಬಾನೆಟ್ಟಿನ ಮೇಲೆ ರುಜು ಹಾಕಿ, ಹರಾಜಿಗೆ ಕಳುಹಿಸಿಬಿಟ್ಟರು. 2018ರ ಮೇ ತಿಂಗಳಲ್ಲಿ ಮೊನಾಕೊದಲ್ಲಿ ಅದು ಏಳು ಲಕ್ಷ ಯೂರೋಗಳಿಗೂ ಮಿಕ್ಕಿ ಮಾರಾಟವಾಯಿತು. ಇರಾಕಿನ ನಿನೆವೆ ಬಯಲಿನಲ್ಲಿ ಉಗ್ರರ ದಾಳಿಯಿಂದ ಊರು ಬಿಟ್ಟ ಕ್ರೈಸ್ತರ ಮನೆಗಳನ್ನು, ಪ್ರಾರ್ಥನಾಲಯಗಳನ್ನು ಮತ್ತೆ ಕಟ್ಟುವುದಕ್ಕೆ, ಮಾನವ ಸಾಗಣೆಗೆ ಬಲಿಯಾದ ಹೆಣ್ಣುಮಕ್ಕಳ ಆಸರೆಗೆ, ಆಫ್ರಿಕಾದ ಸೇವಾಕಾರ್ಯಗಳಿಗೆ ಆ ಹಣವನ್ನು ಮೀಸಲಿಟ್ಟರು.

ಅದಕ್ಕೂ ಮುಂಚಿನ ಇನ್ನೊಂದು ಘಟನೆ ನಮಗೆ ಇನ್ನೂ ಹತ್ತಿರದ್ದು. ಹನ್ನೆರಡು ಸಿಲಿಂಡರಿನ ‘ಎಂಜೊ’ ಎಂಬ ಕಾರನ್ನು 399 ಎಂದು ಎಣಿಸಿ ಮಾಡಿದ್ದ ಫೆರಾರಿಯವರು ನಾನೂರನೆಯದನ್ನು ಜಗದ್ಗುರು ಎರಡನೆಯ ಜಾನ್ ಪಾಲ್ ಅವರಿಗೆಂದು ಮಾಡಿದರು. ಅದನ್ನು ಮಾರಿ, ಬಂದ ಹಣವನ್ನು ಸುನಾಮಿಯ ಸಂತ್ರಸ್ತರಿಗೆ ನೀಡಬೇಕೆಂದು ತೀರ್ಮಾನವಾಯಿತು. 2005ರ ಜೂನ್ ತಿಂಗಳಲ್ಲಿ ಅದು 9,50,000 ಯೂರೋಗಳಿಗೆ ಹರಾಜಾದಾಗ ಜಾನ್ ಪಾಲರು ನಮ್ಮನ್ನಗಲಿ ಎರಡು ತಿಂಗಳುಗಳಿಗೂ ಹೆಚ್ಚು ಕಾಲ ಕಳೆದಿತ್ತು. 2004ರ ಡಿಸೆಂಬರ್ 26 ಕ್ರಿಸ್ತಜಯಂತಿಯ ಮರುದಿನದ ಭಾನುವಾರ. ಆ ಬೆಳಿಗ್ಗೆ ವೇಳಾಂಗಣ್ಣಿಯ ಕಡಲತೀರದಲ್ಲಿ ಅಲೆಗಳು ಕೊಂಡೊಯ್ದ ಯಾತ್ರಿಕರನ್ನು ನಮ್ಮಲ್ಲಿ ಯಾರು ಮರೆತಾರು?

ಬೇಥಾನಿಯದಲ್ಲಿ ಮುನ್ನೂರು ದಿನಾರಿ ಬೆಲೆಯ ಸುಗಂಧ ತೈಲವನ್ನು ಯೇಸುವಿನ ಪಾದಗಳಿಗೆ ಸುರಿದ ಮರಿಯಳನ್ನು ಕಂಡು, ಇದನ್ನು ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂದು ಆಕ್ಷೇಪಿಸಿದವನು ಯೂದ. ಪ್ರಭು ಆಕೆಯ ಪಕ್ಷ ವಹಿಸಿದರು. ಹಾಗಾದರೆ ಜಗದ್ಗುರುಗಳು ಮಾರಿದ್ದು ಸರಿಯೇ ಎಂದು ಮೊಮ್ಮಗ ನನ್ನನ್ನು ಕೇಳಿದ್ದಾನೆ, ಜಾಣ ಹುಡುಗ. ಆ ತೈಲ ಆಕೆಯದು, ಸುರಿದದ್ದು ಮತ್ತೊಬ್ಬರಿಗಾಗಿ ಎಂದು ನಾನು ಉತ್ತರಿಸಿದೆ. ಅವನಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ. ಸುಂದರವಾದದ್ದನ್ನು ಮಾಡುವುದೂ ಒಂದು ಸುರಿಯುವಿಕೆ ತಾನೇ ಎಂಬುದು ಅವನ ವಾದ.

ಇದಕ್ಕೆಲ್ಲ ಮುಂಚೆ, 1988ರ ಜೂನ್ ತಿಂಗಳಲ್ಲಿ, ಜಾನ್ ಪಾಲ್ ಅವರು ಸ್ವತಃ ಮರನೆಲ್ಲೊಗೆ ಹೋಗಿದ್ದರು. ಸಂಸ್ಥೆಯ ಫಿಯೊರಾನೊ ಓಟದ ಹಾದಿಯಲ್ಲಿ ಮೇಲ್ಛಾವಣಿಯಿಲ್ಲದ ಕೆಂಪು ಫೆರಾರಿಯಲ್ಲಿ ನಿಂತು, ಎಂಜೊ ಅವರ ಮಗ ಪಿಯೆರೊ ಚುಕ್ಕಾಣಿ ಹಿಡಿದಿರಲು, ಕಾರ್ಮಿಕರನ್ನೂ ಅವರ ಕುಟುಂಬದವರನ್ನೂ ಆಶೀರ್ವದಿಸುತ್ತಾ ಸುತ್ತು ಬಂದರು. ತೊಂಬತ್ತು ವರ್ಷದ ಎಂಜೊ ಮಾತ್ರ ಅಲ್ಲಿರಲಿಲ್ಲ. ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ಅವರೊಂದಿಗೆ ಜಗದ್ಗುರುಗಳು ದೂರವಾಣಿಯಲ್ಲೇ ಮಾತನಾಡಿದರು. ಅದೇ ಆಗಸ್ಟ್ 14ರಂದು ಆ ಮುದುಕ ತೀರಿಕೊಂಡರು. ಈ ಸಂಗತಿಯನ್ನು ಕಳೆದ ವಾರ ಅಣ್ಣನಿಗೆ ಓದಿ ಹೇಳಿದೆ. ನಳಿಕೆಯನ್ನು ಸರಿಮಾಡಿಕೊಂಡು ಸ್ವಲ್ಪ ಹೊತ್ತು ಯೋಚಿಸಿ ಅವರು ಕೇಳಿದ್ದು ಒಂದೇ ಮಾತು: “ಫೋನಿನಲ್ಲಿ ಆ ಮುದುಕನಿಗೆ ಗಾಡಿ ಸದ್ದೂ ಕೇಳಿಸ್ತೇನೋ?”